ಓದುಗರ ಚಂದಾದಿಂದ ಜಾಲಪತ್ರಿಕೆ ನಡೆಸುವುದು: ಖರ್ಚಿನ ಪಟ್ಟಿಯಿಂದ ನವೀಕರಣದವರೆಗೆ

1980ರಲ್ಲಿ ಶುರುವಾದ ‘ಲಂಕೇಶ್ ಪತ್ರಿಕೆ’ ಜಾಹೀರಾತು ತೆಗೆದುಕೊಳ್ಳಲಿಲ್ಲ. ಅಂಗಡಿಯಲ್ಲಿ ದುಡ್ಡು ಕೊಟ್ಟು ಪ್ರತಿ ಕೊಂಡ ಓದುಗರೇ ಅದನ್ನು ನಡೆಸಿದರು. ಅದಕ್ಕೂ ಬಹಳ ಹಿಂದೆ ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳನ್ನು ಹೊತ್ತು ಊರೂರು ತಿರುಗಿ ಮಾರಿದರು. ಓದಿಗೆ ಓದುಗರೇ ದುಡ್ಡು ಕೊಡುವ ರೂಢಿ ಕನ್ನಡಕ್ಕೆ ಹಳೆಯದು. ಜಾಲಪತ್ರಿಕೆಗೆ ಬಂದಾಗ ತಪ್ಪಿಹೋಗಿರುವುದು ಅಂಗಡಿಯ ಮುಂದೆ ಕಿಸೆಗೆ ಕೈ ಹಾಕುವ ಆ ಗಳಿಗೆ. ಲೇಖನ ಓದಿ ಮೆಚ್ಚಿದವರೂ ಮೊಬೈಲ್ ಕೆಳಗಿಟ್ಟು ಎದ್ದು ಹೋಗುತ್ತಾರೆ. ಆ ಗಳಿಗೆಯನ್ನು ಪತ್ರಿಕೆಯವರೇ ಕಟ್ಟಿಕೊಡಬೇಕು, ಅದು ತಿಂಗಳು ತಿಂಗಳೂ ತಾನಾಗಿ ಮರಳುವಂತೆ ಮಾಡಬೇಕು.

ಇಬ್ಬರು ಮೂವರು ಸೇರಿ ಒಂದು ಜಿಲ್ಲೆಯನ್ನೋ ಒಂದು ವಿಷಯವನ್ನೋ ಹಿಡಿದು ನಡೆಸುವ ಪತ್ರಿಕೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದೆ.

ಮೊದಲು ಖರ್ಚಿನ ಪಟ್ಟಿ

‘ನಿಮ್ಮಿಂದಾದಷ್ಟು ಕೊಡಿ’ ಎಂದು ಕ್ಯೂಆರ್ ಕೋಡ್ ಹಾಕುವ ಮೊದಲು ತಿಂಗಳಿಗೆ ಎಷ್ಟು ಬೇಕು ಎಂಬುದು ಕಾಗದದ ಮೇಲೆ ಇರಬೇಕು. ಒಂದು ಚಿಕ್ಕ ಪತ್ರಿಕೆಯ ಲೆಕ್ಕ ಹೀಗೆ ಹಾಕೋಣ: ಪೂರ್ಣಾವಧಿ ವರದಿಗಾರರೊಬ್ಬರಿಗೆ ₹35,000, ಅರ್ಧ ದಿನ ಕೆಲಸ ಮಾಡುವ ಸಂಪಾದಕರಿಗೆ ₹30,000, ಹೊರಗಿನವರಿಂದ ಬರೆಸುವ ಎಂಟು ಲೇಖನಕ್ಕೆ ತಲಾ ₹2,000ದಂತೆ ₹16,000, ಓಡಾಟಕ್ಕೆ ₹8,000, ಮಾಹಿತಿ ಹಕ್ಕು ಅರ್ಜಿ ಮತ್ತು ದಾಖಲೆ ಪ್ರತಿಗಳಿಗೆ ₹1,000, ಸರ್ವರ್, ಡೊಮೈನ್, ಇಮೇಲ್ ಕಳಿಸುವ ಸೇವೆಗೆ ₹4,000, ಆಡಿಟರ್ ಮತ್ತು ಬ್ಯಾಂಕಿಗೆ ₹5,000, ವಕೀಲರ ನಿಧಿಗೆ ₹6,000, ಅನಿರೀಕ್ಷಿತಕ್ಕೆ ₹5,000. ಒಟ್ಟು ₹1,10,000.

ಈ ಪಟ್ಟಿಯಲ್ಲಿ ಹೆಚ್ಚಿನವರು ಬಿಡುವುದು ಎರಡು ಸಾಲು. ಒಂದು, ಸಂಪಾದಕರ ಸಂಬಳ. ‘ನನಗೇನೂ ಬೇಡ, ಮೊದಲು ಪತ್ರಿಕೆ ನಿಲ್ಲಲಿ’ ಎಂಬ ಮಾತು ಎರಡು ವರ್ಷ ನಡೆಯುತ್ತದೆ. ಮನೆ ಬಾಡಿಗೆ, ಮಕ್ಕಳ ಫೀಸು ಬಂದು ನಿಂತಾಗ ಸಂಪಾದಕರು ಬೇರೆ ಕೆಲಸ ಹಿಡಿಯುತ್ತಾರೆ, ಪತ್ರಿಕೆ ಅಲ್ಲಿಗೇ ನಿಲ್ಲುತ್ತದೆ. ಇನ್ನೊಂದು, ವಕೀಲರ ನಿಧಿ. ಮಾನನಷ್ಟದ ನೋಟಿಸ್ ಬಂದ ದಿನ ಚಂದಾ ಕೇಳಲು ಹೊರಟರೆ ತಡವಾಗಿರುತ್ತದೆ. ತಿಂಗಳಿಗೆ ₹6,000 ಎತ್ತಿಟ್ಟರೆ ವರ್ಷಕ್ಕೆ ₹72,000 ಆಗುತ್ತದೆ. ನೋಟಿಸಿಗೆ ಉತ್ತರ ಕೊಟ್ಟು ಮೊದಲ ವಿಚಾರಣೆಗಳಿಗೆ ಹಾಜರಾಗುವ ಧೈರ್ಯವನ್ನಾದರೂ ಅದು ಕೊಡುತ್ತದೆ.

ಈಗ ಇದನ್ನು ತಲೆ ಲೆಕ್ಕಕ್ಕೆ ತನ್ನಿ. ತಿಂಗಳಿಗೆ ₹100 ಕೊಡುವವರು 700 ಮಂದಿ, ವರ್ಷಕ್ಕೆ ಒಮ್ಮೆ ₹1,000 ಕೊಡುವವರು 240 ಮಂದಿ, ತಿಂಗಳಿಗೆ ₹500 ಕೊಡುವ ಪೋಷಕರು 60 ಮಂದಿ ಎಂದಿಟ್ಟುಕೊಳ್ಳಿ. ಮೇಲ್ನೋಟಕ್ಕೆ ತಿಂಗಳಿಗೆ ₹70,000, ₹20,000, ₹30,000 ಸೇರಿ ₹1,20,000. ತಿಂಗಳ ಚಂದಾದಲ್ಲಿ ಓದುಗರ ಖಾತೆಯಿಂದ ತಾನಾಗಿ ಆಗುವ ಕಡಿತ ಇಪ್ಪತ್ತರಲ್ಲಿ ಒಂದು ವಿಫಲವಾಗುತ್ತದೆ ಎಂದರೆ ₹5,000 ಹೋಯಿತು. ಪೇಮೆಂಟ್ ಗೇಟ್‌ವೇ, ಅಂದರೆ ಓದುಗರ ಹಣವನ್ನು ಆನ್‌ಲೈನಿನಲ್ಲಿ ಪಡೆದು ನಿಮ್ಮ ಖಾತೆಗೆ ತಲುಪಿಸುವ ಸೇವೆಗೆ ಶೇ 2ರಷ್ಟು ಶುಲ್ಕ, ಆ ಶುಲ್ಕದ ಮೇಲೆ ಶೇ 18 ಜಿಎಸ್‌ಟಿ ಹಿಡಿದರೆ ಸುಮಾರು ₹2,700. ಕೈಗೆ ಬರುವುದು ₹1,12,000 ಚಿಲ್ಲರೆ. ಅಂದರೆ ಸಾವಿರ ಜನ ಬೇಕು. ‘ಲಕ್ಷಾಂತರ ಓದುಗರು’ ಎಂಬ ಕನಸನ್ನು ಬದಿಗಿಟ್ಟು ಈ ಸಾವಿರ ಜನರ ಹೆಸರು ಹುಡುಕಲು ಹೊರಡಿ.

ದುಡ್ಡಿಗೆ ಯಾವ ಹೆಸರು

ಚಂದಾ ಎಂದು ಕೇಳಿ, ದೇಣಿಗೆ ಎಂದು ಬೇಡ. ಇದರಲ್ಲಿ ಸ್ವಾಭಿಮಾನದ ಮಾತೂ ಇದೆ, ಲೆಕ್ಕದ ಮಾತೂ ಇದೆ. ತಾಣದಲ್ಲಿ ‘ದೇಣಿಗೆ ಕೊಡಿ’ ಎಂದು ಬರೆದು ಗೇಟ್‌ವೇಗೆ ಅರ್ಜಿ ಹಾಕಿದರೆ ಅವರು ಟ್ರಸ್ಟ್ ಅಥವಾ ಸೊಸೈಟಿಯ ನೋಂದಣಿ ಪತ್ರ ಕೇಳುತ್ತಾರೆ. ಒಬ್ಬರ ಮಾಲೀಕತ್ವದ ಪತ್ರಿಕೆಯ ಬಳಿ ಅದು ಇರುವುದಿಲ್ಲ, ಅರ್ಜಿ ಅಲ್ಲೇ ಕೊಳೆಯುತ್ತದೆ. ದೇಣಿಗೆ ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ 80ಜಿ ವಿನಾಯಿತಿ ಸಿಗುವುದು ಅದಕ್ಕೆ ಅನುಮೋದನೆ ಪಡೆದ ಧರ್ಮದತ್ತಿ ಸಂಸ್ಥೆಗಳಿಗೆ ಕೊಟ್ಟ ದೇಣಿಗೆಗೆ ಮಾತ್ರ. ‘ತೆರಿಗೆ ಉಳಿಯುತ್ತದಾ ಸರ್?’ ಎಂದು ಓದುಗರು ಕೇಳಿಯೇ ಕೇಳುತ್ತಾರೆ. ಇಲ್ಲವೆಂದರೆ ಇಲ್ಲ ಎಂದು ಚಂದಾ ಪುಟದಲ್ಲೇ ಬರೆದುಬಿಡಿ.

ಚಂದಾ ಹಣ ನಿಮ್ಮ ಆದಾಯ. ಅದಕ್ಕೆ ಆದಾಯ ತೆರಿಗೆ ಲೆಕ್ಕ ಕೊಡಬೇಕು. ಸೇವೆಯ ವ್ಯವಹಾರಕ್ಕೆ ಜಿಎಸ್‌ಟಿ ನೋಂದಣಿ ಕಡ್ಡಾಯವಾಗುವುದು ಕರ್ನಾಟಕದಲ್ಲಿ ವರ್ಷದ ವಹಿವಾಟು ₹20 ಲಕ್ಷ ದಾಟಿದಾಗ. ಮೇಲಿನ ಲೆಕ್ಕದ ಪತ್ರಿಕೆ ₹14.4 ಲಕ್ಷದಲ್ಲಿದೆ. ಆದರೆ ಇದೇ ಪಾನ್ ನಂಬರಿನಲ್ಲಿ ನಡೆಸುವ ಡಿಟಿಪಿ, ಅನುವಾದ, ವಿಡಿಯೊ ಕೆಲಸಗಳ ಆದಾಯವೂ ಈ ಮಿತಿಗೆ ಸೇರುತ್ತದೆ ಎಂಬುದನ್ನು ಬಹಳ ಜನ ಮರೆಯುತ್ತಾರೆ. ಮುದ್ರಿತ ಪತ್ರಿಕೆಗೆ ಜಿಎಸ್‌ಟಿ ಇಲ್ಲ, ಡಿಜಿಟಲ್ ಚಂದಾಕ್ಕೆ ಶೇ 18 ಇದೆ. ಮಿತಿ ದಾಟಿದ ಮೇಲೂ ₹100 ಎಂದೇ ಇಟ್ಟರೆ ಅದರಲ್ಲಿ ₹15.25 ತೆರಿಗೆಗೆ ಹೋಗಿ ನಿಮಗೆ ಉಳಿಯುವುದು ₹84.75. ಹಾಗಾಗಿ ₹16 ಲಕ್ಷ ಮುಟ್ಟಿದ ತಿಂಗಳೇ ಆಡಿಟರ್ ಜೊತೆ ಕೂತು ದರ ಏರಿಸಬೇಕೇ ಎಂದು ತೀರ್ಮಾನಿಸಿ.

ಹೊರದೇಶದ ಕನ್ನಡಿಗರ ವಿಷಯದಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ಅಮೆರಿಕದಲ್ಲೋ ದುಬೈನಲ್ಲೋ ಇರುವವರು ಮನಃಪೂರ್ವಕವಾಗಿ ಕೊಡಲು ಬರುತ್ತಾರೆ. 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ ಸುದ್ದಿ ಮತ್ತು ಪ್ರಚಲಿತ ವಿದ್ಯಮಾನದ ಮಾಧ್ಯಮಗಳು ವಿದೇಶಿ ದೇಣಿಗೆ ಪಡೆಯುವುದನ್ನು ನಿಷೇಧಿಸುತ್ತದೆ. ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿಗಳು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟದ್ದು ವಿದೇಶಿ ದೇಣಿಗೆ ಆಗುವುದಿಲ್ಲ. ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇರುವವರು ಎಷ್ಟೇ ಕನ್ನಡಿಗರಾದರೂ ಕಾನೂನಿನ ಕಣ್ಣಿಗೆ ಬೇರೆ ದೇಶದ ಪ್ರಜೆಗಳು. ಸೇವೆಗೆ ಪ್ರತಿಯಾಗಿ ಪಡೆದ ಶುಲ್ಕವನ್ನು ಕಾಯ್ದೆ ದೇಣಿಗೆಯಿಂದ ಬೇರೆಯಾಗಿ ನೋಡುತ್ತದೆ ನಿಜ, ಆದರೆ ನಿಮ್ಮ ಚಂದಾ ಆ ಗೆರೆಯ ಯಾವ ಬದಿಗಿದೆ ಎಂದು ಬಲ್ಲ ವಕೀಲರಿಂದ ಲಿಖಿತ ಅಭಿಪ್ರಾಯ ಪಡೆಯುವವರೆಗೆ ಗೇಟ್‌ವೇಯಲ್ಲಿ ವಿದೇಶಿ ಕಾರ್ಡ್ ಆಯ್ಕೆಯನ್ನು ಆಫ್ ಮಾಡಿಡಿ.

ಖಾತೆ ಮತ್ತು ಗೇಟ್‌ವೇ

ಸ್ವಂತ ಉಳಿತಾಯ ಖಾತೆಯ ಕ್ಯೂಆರ್ ಹಾಕಿ ಶುರು ಮಾಡುವುದು ಸುಲಭ, ಬಿಡಿಸಿಕೊಳ್ಳುವುದು ಕಷ್ಟ. ಮನೆಯ ದಿನಸಿಯ ಖರ್ಚೂ ಓದುಗರ ಚಂದಾವೂ ಒಂದೇ ಪಾಸ್‌ಬುಕ್ಕಿನಲ್ಲಿ ಬೆರೆತ ಮೇಲೆ ಯಾರಿಗೂ ಲೆಕ್ಕ ತೋರಿಸಲಾಗುವುದಿಲ್ಲ. ಸಣ್ಣ ಉದ್ಯಮಗಳಿಗೆಂದು ಸರ್ಕಾರ ಮಾಡುವ ಉದ್ಯಮ್ ನೋಂದಣಿ ಮಾಡಿಸಿ, ಆನ್‌ಲೈನಿನಲ್ಲಿ ಉಚಿತ. ಅದನ್ನು ತೋರಿಸಿ ಪತ್ರಿಕೆಯ ಹೆಸರಿನಲ್ಲೇ ಚಾಲ್ತಿ ಖಾತೆ ತೆರೆಯಿರಿ. ಹೆಸರಿನ ವಿಷಯ ಚಿಕ್ಕದಲ್ಲ. ಹಣ ಕಡಿತವಾಗುವ ಹಿಂದಿನ ದಿನ ಓದುಗರ ಮೊಬೈಲಿಗೆ ಬರುವ ಸೂಚನೆಯಲ್ಲಿ ಕಾಣುವುದು ನೋಂದಣಿಯಾದ ವ್ಯಾಪಾರದ ಹೆಸರು. ಪತ್ರಿಕೆಯ ಹೆಸರಿನ ಬದಲು ಯಾವುದೋ ‘ಎಂಟರ್‌ಪ್ರೈಸಸ್’ ಎಂದು ಬಂದರೆ ಓದುಗರು ಮೋಸವೆಂದು ಹೆದರಿ ಆ ಕ್ಷಣವೇ ರದ್ದು ಮಾಡುತ್ತಾರೆ. ಅವರ ತಪ್ಪಿಲ್ಲ.

ಗೇಟ್‌ವೇಗೆ ಅರ್ಜಿ ಹಾಕುವ ಮೊದಲು ತಾಣದಲ್ಲಿ ನಾಲ್ಕು ಪುಟ ಸಿದ್ಧವಿರಲಿ: ಸಂಪರ್ಕ ವಿಳಾಸ, ನಿಯಮಗಳು, ಖಾಸಗಿತನದ ನೀತಿ, ರದ್ದತಿ ಮತ್ತು ಹಣ ವಾಪಸಾತಿ. ಈ ನಾಲ್ಕರಲ್ಲಿ ಒಂದಿಲ್ಲದಿದ್ದರೂ ಅರ್ಜಿ ವಾಪಸು ಬರುತ್ತದೆ. ಸುದ್ದಿ ಪ್ರಕಟಿಸುವ ತಾಣಕ್ಕೆ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಕುಂದುಕೊರತೆ ಅಧಿಕಾರಿಯೂ ಬೇಕು. ದೂರಿಗೆ 15 ದಿನದೊಳಗೆ ತೀರ್ಮಾನ ಹೇಳಬೇಕು. ಆ ಹೆಸರು, ಇಮೇಲ್ ಅನ್ನು ಸಂಪರ್ಕ ಪುಟದಲ್ಲೇ ಸೇರಿಸಿ.

ರೇಜರ್‌ಪೇ, ಕ್ಯಾಶ್‌ಫ್ರೀ ಮುಂತಾದ ಗೇಟ್‌ವೇಗಳಲ್ಲಿ ಚಂದಾಕ್ಕೆಂದೇ ಸೌಲಭ್ಯವಿದೆ. ಹೊರದೇಶದ ಬ್ಲಾಗ್ ಮತ್ತು ಸುದ್ದಿಪತ್ರ ವೇದಿಕೆಗಳನ್ನು ನೋಡಿ ಮರುಳಾಗುವ ಮೊದಲು ಒಂದು ವಿಷಯ ತಿಳಿದಿರಲಿ: ಸಬ್‌ಸ್ಟ್ಯಾಕ್, ಘೋಸ್ಟ್ ಎರಡೂ ಹಣಕ್ಕೆ ಸ್ಟ್ರೈಪ್ ಎಂಬ ಗೇಟ್‌ವೇಯನ್ನು ನೆಚ್ಚಿವೆ, ಸ್ಟ್ರೈಪ್ 2024ರಿಂದ ಭಾರತದಲ್ಲಿ ಆಹ್ವಾನ ಸಿಕ್ಕವರಿಗೆ ಮಾತ್ರ ಖಾತೆ ಕೊಡುತ್ತಿದೆ. ಯೂಟ್ಯೂಬ್ ಸದಸ್ಯತ್ವದಲ್ಲಿ ನೂರಕ್ಕೆ ಮೂವತ್ತು ರೂಪಾಯಿ ಅವರಿಗೆ ಹೋಗುತ್ತದೆ, ಸದಸ್ಯರ ಇಮೇಲ್ ನಿಮ್ಮ ಕೈಗೆ ಬರುವುದೂ ಇಲ್ಲ. ವಿಡಿಯೊ ಇದ್ದರೆ ಅದನ್ನು ಪಕ್ಕದ ಆದಾಯವಾಗಿ ಇಟ್ಟುಕೊಳ್ಳಿ, ಬೇರು ಅಲ್ಲಿ ಬಿಡಬೇಡಿ.

ಆಟೋಪೇ: ಎಲ್ಲಿ ಕೈಕೊಡುತ್ತದೆ

ಓದುಗರ ಖಾತೆಯಿಂದ ಹಣ ತಾನಾಗಿ ಕಡಿತವಾಗುವ ಯುಪಿಐ ಆಟೋಪೇ 2020ರಲ್ಲಿ ಬಂತು. ಓದುಗರು ಒಮ್ಮೆ ಪಿನ್ ಹಾಕಿ ಒಪ್ಪಿದರೆ ₹15,000ದವರೆಗಿನ ತಿಂಗಳ ಕಡಿತಕ್ಕೆ ಮತ್ತೆ ಪಿನ್ ಬೇಡ. ರಿಸರ್ವ್ ಬ್ಯಾಂಕ್ ನಿಯಮದಂತೆ ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಸೂಚನೆ ಹೋಗಲೇಬೇಕು. ಕೊಂಡಿ ಕಳಚುವುದು ಹೆಚ್ಚಾಗಿ ಆ ಸೂಚನೆ ಬಂದ ದಿನ. ಇಡೀ ತಿಂಗಳು ನಿಮ್ಮಿಂದ ಒಂದು ಮಾತೂ ಕೇಳದ ಓದುಗರಿಗೆ ‘ನಾಳೆ ₹100 ಕಡಿತ’ ಎಂಬುದಷ್ಟೇ ತಲುಪಿದರೆ ರದ್ದು ಒತ್ತುವುದು ಸಹಜ. ಆದ್ದರಿಂದ ಆ ತಿಂಗಳ ಕೆಲಸ ತಿಳಿಸುವ ಪತ್ರವನ್ನು ಕಡಿತಕ್ಕೆ ಎರಡು ಮೂರು ದಿನ ಮೊದಲು ಕಳಿಸಿ. ಮೊದಲು ಕೆಲಸ ಕಾಣಲಿ, ಆಮೇಲೆ ಕಡಿತದ ಸೂಚನೆ ಬರಲಿ.

ಕಡಿತದ ದಿನ 5ನೇ ತಾರೀಕು ಇಟ್ಟರೆ ಒಳ್ಳೆಯದು. ಸಂಬಳ ಬಂದಿರುತ್ತದೆ, ಸಾಲದ ಕಂತುಗಳು ಖಾತೆಯನ್ನು ಪೂರ್ತಿ ಬರಿದು ಮಾಡಿರುವುದಿಲ್ಲ. 25ರ ನಂತರ ಇಟ್ಟರೆ ‘ಹಣ ಸಾಲದು’ ಎಂಬ ವಿಫಲತೆ ಎದ್ದು ಕಾಣುತ್ತದೆ.

ಆಟೋಪೇ ಒಪ್ಪಿಗೆಯಲ್ಲಿ ಗರಿಷ್ಠ ಮೊತ್ತ ಎಂಬ ಅಂಕಿಯೊಂದಿದೆ. ಅದನ್ನು ₹5,000 ಎಂದೋ ₹15,000 ಎಂದೋ ಬಿಟ್ಟರೆ ಓದುಗರ ಆ್ಯಪಿನಲ್ಲಿ ಆ ದೊಡ್ಡ ಅಂಕಿಯೇ ಕಾಣುತ್ತದೆ. ನೂರು ರೂಪಾಯಿ ಕೊಡಲು ಬಂದವರು ಬೆಚ್ಚಿ ಹಿಂದೆ ಸರಿಯುತ್ತಾರೆ. ₹100ಕ್ಕೇ ಕಟ್ಟಿದರೆ ಮುಂದೆ ದರ ಏರಿಸುವಾಗ ಎಲ್ಲರಿಂದಲೂ ಮತ್ತೆ ಒಪ್ಪಿಗೆ ಪಡೆಯಬೇಕಾಗುತ್ತದೆ. ನಮ್ಮ ಸಲಹೆ ಎರಡನೆಯದು. ಹಳಬರಿಗೆ ಹಳೆಯ ದರವನ್ನೇ ಮುಂದುವರಿಸಿ, ಹೊಸಬರಿಗೆ ಹೊಸ ದರ ಇಡಿ.

ಆಟೋಪೇ ಬೇಡವೆನ್ನುವವರು ನೂರಾರು ಜನ ಇರುತ್ತಾರೆ, ಅದರಲ್ಲೂ ನಿವೃತ್ತರು, ಹಳ್ಳಿಯ ಮೇಷ್ಟ್ರುಗಳು. ಅವರಿಗಾಗಿ ವರ್ಷದ ₹1,000 ಚಂದಾ. ನೇರ ಕ್ಯೂಆರ್‌ಗೆ ಬಂದ ಹಣದಲ್ಲಿ ಬ್ಯಾಂಕ್ ಪಟ್ಟಿ ತೋರಿಸುವುದು ಒಂದು ಯುಪಿಐ ಐಡಿ ಮತ್ತು 12 ಅಂಕಿಯ ವ್ಯವಹಾರ ಸಂಖ್ಯೆ. ಯಾರದು ಎಂದು ಹುಡುಕುವುದರಲ್ಲೇ ದಿನ ಕಳೆಯುತ್ತದೆ. ಕ್ಯೂಆರ್ ಬದಲು ಹೆಸರು, ಇಮೇಲ್, ಊರು ಕೇಳುವ ಪಾವತಿ ಪುಟದ ಲಿಂಕ್ ಕೊಡಿ. ಸಮಾರಂಭಗಳಲ್ಲಿ ನಗದು ಕೊಟ್ಟವರಿಗೆ ಕ್ರಮಸಂಖ್ಯೆಯ ರಸೀದಿ ಪುಸ್ತಕದಿಂದ ರಸೀದಿ ಹರಿದು ಕೊಡಿ, ಆ ವಾರವೇ ಖಾತೆಗೆ ಕಟ್ಟಿ.

ಆಜೀವ ಚಂದಾ ಬೇಡವೇ ಬೇಡ. ಕನ್ನಡದ ಸಣ್ಣ ಪತ್ರಿಕೆಗಳ ಹಳೆಯ ಗಾಯ ಇದು. ಆ ವರ್ಷ ದೊಡ್ಡ ಮೊತ್ತ ಬರುತ್ತದೆ, ಕಾಗದದ ಸಾಲ ತೀರುತ್ತದೆ. ಹತ್ತು ವರ್ಷದ ನಂತರ ನಿಮ್ಮ ಅತ್ಯಂತ ನಿಷ್ಠ ಓದುಗರಿಂದ ಒಂದು ರೂಪಾಯಿಯನ್ನೂ ಕೇಳುವ ಹಕ್ಕು ನಿಮಗಿರುವುದಿಲ್ಲ.

ಕೇಳುವ ಮಾತು

ಚಂದಾದಾರರಷ್ಟೇ ಓದುವಂತೆ ಲೇಖನಕ್ಕೆ ಬೀಗ ಹಾಕಬೇಕೇ? ಜಿಲ್ಲೆಯ ಸುದ್ದಿ, ತನಿಖಾ ವರದಿ ಮಾಡುವವರು ಹಾಕಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ. ಕೆರೆ ಒತ್ತುವರಿಯ ವರದಿಯನ್ನು ಆ ಕೆರೆಯ ಊರಿನವರೇ ಓದಲಾಗದಿದ್ದರೆ ವರದಿಯ ಬಲ ಅರ್ಧಕ್ಕೆ ಇಳಿಯಿತು. 2012ರಲ್ಲಿ ಶುರುವಾದ ನ್ಯೂಸ್‌ಲಾಂಡ್ರಿ ಎಂಬ ಸುದ್ದಿತಾಣ ಚಂದಾದ ಜೊತೆಗೆ ಒಂದೊಂದು ವರದಿಗೂ ಪ್ರತ್ಯೇಕವಾಗಿ ಓದುಗರಿಂದ ಹಣ ಕೂಡಿಸುವ ದಾರಿ ಹಿಡಿಯಿತು. ಚಿಕ್ಕ ಪತ್ರಿಕೆಗೂ ಇದು ಹೊಂದುತ್ತದೆ. ಮಲೆನಾಡಿನ ಅಡಿಕೆಯ ಎಲೆಚುಕ್ಕಿ ರೋಗದ ಮೇಲೆ ನಾಲ್ಕು ಕಂತಿನ ವರದಿ ಎಂದಿಟ್ಟುಕೊಳ್ಳಿ: ವರದಿಗಾರರಿಗೆ ₹20,000, ಓಡಾಟ ₹14,000, ಫೋಟೊ ₹8,000, ದಾಖಲೆ ಪ್ರತಿ ₹1,000, ಕಚೇರಿ ಖರ್ಚು ₹5,000, ಒಟ್ಟು ₹48,000. ಪಟ್ಟಿಯನ್ನು ಹೀಗೇ ಹಾಕಿ, ಎಷ್ಟು ಬಂತು ಎಂದು ದಿನವೂ ತೋರಿಸಿ, ತುಂಬಿದ ದಿನ ನಿಲ್ಲಿಸಿ.

ಲೇಖನದ ಕೊನೆಯ ಮನವಿ ಆ ಲೇಖನದ ಬಗ್ಗೆಯೇ ಇರಲಿ. ‘ಸ್ವತಂತ್ರ ಪತ್ರಿಕೋದ್ಯಮ ಉಳಿಸಿ’ ಎಂಬ ಸಾಲನ್ನು ಕಣ್ಣು ಹಾಯಿಸಿಯೇ ದಾಟುತ್ತಾರೆ. ಇದನ್ನು ನೋಡಿ: ‘ಈ ವರದಿಗೆ ಹನ್ನೊಂದು ದಿನ ಹಿಡಿಯಿತು. ಮೂರು ಮಾಹಿತಿ ಹಕ್ಕು ಅರ್ಜಿಗೆ ₹30, 212 ಪುಟದ ಪ್ರತಿಗೆ ₹424, ಬಸ್ಸು ಮತ್ತು ಊಟಕ್ಕೆ ₹3,150 ಖರ್ಚಾಯಿತು. ಇದನ್ನು ಕೊಟ್ಟವರು ಚಂದಾದಾರರು. ಮುಂದಿನ ವರದಿಗೆ ನೀವೂ ಜೊತೆಗಿರಿ: ತಿಂಗಳಿಗೆ ₹100.’ ಕರ್ನಾಟಕದಲ್ಲಿ ಅರ್ಜಿ ಶುಲ್ಕ ₹10, ಪುಟಕ್ಕೆ ₹2 ಎಂದು ಗೊತ್ತಿರುವ ಓದುಗರು ಮನಸ್ಸಿನಲ್ಲೇ ಲೆಕ್ಕ ಹಾಕಿ ನೋಡುತ್ತಾರೆ. ಲೆಕ್ಕ ತಾಳೆಯಾದಾಗ ನಂಬಿಕೆ ಹುಟ್ಟುತ್ತದೆ.

ವರ್ಷಕ್ಕೆ ಒಂದು ಅಭಿಯಾನ, ಮೂರು ವಾರ, ಸಾಕು. ನವೆಂಬರ್ ಒಳ್ಳೆಯ ತಿಂಗಳು. ಜೂನ್ ಬೇಡ, ಶಾಲೆಯ ಫೀಸು, ಬಿತ್ತನೆ ಎರಡೂ ಒಟ್ಟಿಗೆ ಬಂದಿರುತ್ತವೆ. ಚಂದಾದಾರರಿಗೆ ಮಗ್ಗು, ಚೀಲ, ಪುಸ್ತಕ ಕೊಡುವ ಆಸೆ ಬಿಡಿ. ಮುದ್ರಣ ಮತ್ತು ಕೊರಿಯರ್ ಸೇರಿ ಒಂದು ಉಡುಗೊರೆಗೆ ₹250 ಆದರೆ ಸಾವಿರದಲ್ಲಿ ಕಾಲು ಭಾಗ ಅಲ್ಲಿಗೇ ಹೋಯಿತು, ಪ್ಯಾಕಿಂಗ್ ಮಾಡುವ ವಾರ ವರದಿಯೂ ನಿಂತಿತು. ತಿಂಗಳಿಗೊಂದು ಪತ್ರ, ಮೂರು ತಿಂಗಳಿಗೊಮ್ಮೆ ಸಂಪಾದಕರೊಂದಿಗೆ ಆನ್‌ಲೈನ್ ಮಾತುಕತೆ ಕೊಟ್ಟರೆ ಹೆಚ್ಚು ಬಾಳುತ್ತದೆ.

ಯಾರಿಂದ ತೆಗೆದುಕೊಳ್ಳುವುದಿಲ್ಲ ಎಂಬುದನ್ನೂ ಮೊದಲೇ ಬರೆದಿಡಿ: ಅಧಿಕಾರದಲ್ಲಿರುವ ಜನಪ್ರತಿನಿಧಿಗಳು, ನೀವು ಬರೆಯುವ ಇಲಾಖೆಗಳ ಗುತ್ತಿಗೆದಾರರು. ಒಬ್ಬರಿಂದ ವರ್ಷಕ್ಕೆ ₹25,000ಕ್ಕಿಂತ ಹೆಚ್ಚು ಬಂದರೆ ಹೆಸರು ಪ್ರಕಟಿಸುತ್ತೇವೆ ಎಂದು ಹೇಳಿಯೇ ಪಡೆಯಿರಿ. ಸಣ್ಣ ಚಂದಾದಾರರ ಹೆಸರು ಮಾತ್ರ ಗುಟ್ಟಾಗಿರಲಿ. ಹಣ ಕೊಟ್ಟವರ ಮಾಹಿತಿ ನಿಮ್ಮ ಬಳಿ ಮಾತ್ರವಲ್ಲ, ಗೇಟ್‌ವೇ ಬಳಿಯೂ ಇರುತ್ತದೆ. ಪೊಲೀಸರು ಕಾನೂನಿನ ಪ್ರಕಾರ ಕೇಳಿದರೆ ಗೇಟ್‌ವೇಯವರು ಕೊಡುತ್ತಾರೆ. ಇದನ್ನು ಖಾಸಗಿತನದ ಪುಟದಲ್ಲಿ ಮುಚ್ಚಿಡದೆ ಬರೆಯಿರಿ, ಬೇಡದ ವಿವರಗಳನ್ನು ಕೇಳಲೇಬೇಡಿ.

ನವೀಕರಣ

ಈ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. 2018ರಲ್ಲಿ ‘ದಿ ಕರೆಸ್ಪಾಂಡೆಂಟ್’ ಎಂಬ ಇಂಗ್ಲಿಷ್ ಜಾಲಪತ್ರಿಕೆ ಶುರುವಾಗುವ ಮೊದಲೇ 45 ಸಾವಿರಕ್ಕೂ ಹೆಚ್ಚು ಸದಸ್ಯರಿಂದ ಸುಮಾರು 26 ಲಕ್ಷ ಡಾಲರ್ ಕೂಡಿಸಿತ್ತು. 2020ರ ಕೊನೆಗೆ ಅದು ಮುಚ್ಚಿತು. ನಡೆಸಲು ಬೇಕಾದಷ್ಟು ಸದಸ್ಯತ್ವ ಉಳಿಯಲಿಲ್ಲ. ಅದರ ತಾಯಿ ಪತ್ರಿಕೆ, 2013ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಓದುಗರ ಹಣದಿಂದಲೇ ಹುಟ್ಟಿದ ಡಚ್ ಪತ್ರಿಕೆ, ಮುಂದುವರಿಯಿತು.

ತಿಂಗಳಿಗೆ ಶೇ 5 ಚಂದಾದಾರರು ಕಳಚಿಕೊಂಡರೆ ಸಾವಿರ ಜನ ಹನ್ನೆರಡು ತಿಂಗಳಲ್ಲಿ 540 ಆಗುತ್ತಾರೆ. ಶೇ 2ಕ್ಕೆ ಇಳಿಸಿದರೆ 785 ಉಳಿಯುತ್ತಾರೆ. ಈ ವ್ಯತ್ಯಾಸ ತುಂಬಲು 245 ಹೊಸಬರನ್ನು ಹುಡುಕಬೇಕು, ಹಳಬರನ್ನು ಉಳಿಸಿಕೊಳ್ಳುವುದಕ್ಕಿಂತ ಅದು ಎಷ್ಟೋ ಪಾಲು ಕಷ್ಟ.

ಕಳಚಿದವರಲ್ಲಿ ದೊಡ್ಡ ಪಾಲು ಬೇಸರಗೊಂಡವರಲ್ಲ. ಬ್ಯಾಂಕ್ ಬದಲಿಸಿದವರು, ಸಿಮ್ ಬದಲಿಸಿದವರು, ಆ ದಿನ ಖಾತೆಯಲ್ಲಿ ಹಣ ಇಲ್ಲದವರು. ಅವರನ್ನು ಮರಳಿ ತರಲು ಪ್ರತಿ ತಿಂಗಳ 8ನೇ ತಾರೀಕು ವಿಫಲ ಕಡಿತಗಳ ಪಟ್ಟಿ ತೆಗೆದು ಒಬ್ಬೊಬ್ಬರಿಗೂ ಬರೆಯಬೇಕು. ಪಾವತಿ ಲಿಂಕ್ ಕಳಿಸಬೇಡಿ, ಯುಪಿಐ ಆ್ಯಪಿನಲ್ಲೇ ಹಣ ಕೇಳುವ ಕಲೆಕ್ಟ್ ರಿಕ್ವೆಸ್ಟ್ ಅಂತೂ ಕೂಡದು. ಯುಪಿಐ ವಂಚನೆಯ ಕಾಲದಲ್ಲಿ ಜನ ಅದನ್ನು ಮುಟ್ಟುವುದಿಲ್ಲ. ಇಷ್ಟು ಸಾಕು: ‘ನಮಸ್ಕಾರ ಸರ್, ಈ ತಿಂಗಳ ₹100 ಚಂದಾ ಬ್ಯಾಂಕಿನಿಂದ ಬಂದಿಲ್ಲ. ಖಾತೆ ಬದಲಾಗಿದ್ದರೆ ನಮ್ಮ ತಾಣದ ಚಂದಾ ಪುಟಕ್ಕೆ ಹೋಗಿ ಮತ್ತೆ ಶುರು ಮಾಡಬಹುದು. ನಿಲ್ಲಿಸಬೇಕೆಂದಿದ್ದರೆ ಒಂದು ಸಾಲು ತಿಳಿಸಿ, ಮತ್ತೆ ಕೇಳುವುದಿಲ್ಲ.’ ಕೊನೆಯ ಮಾತನ್ನು ನಡೆಸಿಕೊಡಿ.

ವರ್ಷದ ಚಂದಾದಾರರಿಗೆ ಅವಧಿ ಮುಗಿಯುವ 30 ದಿನ ಮೊದಲು ಒಂದು ಪತ್ರ, 7 ದಿನ ಮೊದಲು ಇನ್ನೊಂದು, ಮುಗಿದ 10 ದಿನಕ್ಕೆ ಕೊನೆಯದು. ₹500 ಕೊಡುವ ಪೋಷಕರಿಗೆ ಫೋನ್ ಮಾಡಿ. ಅರವತ್ತು ಜನಕ್ಕೆ ವರ್ಷಕ್ಕೊಂದು ಕರೆ ದೊಡ್ಡ ಕೆಲಸವೇನಲ್ಲ.

ವರ್ಷದ ಚಂದಾ ಬಂದ ದಿನ ಅದು ಇನ್ನೂ ನಿಮ್ಮದಾಗಿರುವುದಿಲ್ಲ. ನವೆಂಬರಿನಲ್ಲಿ 240 ಜನರಿಂದ ಬಂದ ₹2,40,000ದಲ್ಲಿ ತಿಂಗಳಿಗೆ ₹20,000 ಮಾತ್ರ ಖರ್ಚಿನ ಖಾತೆಗೆ ಬರಬೇಕು. ಉಳಿದದ್ದು ಬೇರೆ ಖಾತೆಯಲ್ಲೋ ಅಲ್ಪಾವಧಿ ಠೇವಣಿಯಲ್ಲೋ ಕೂತಿರಲಿ. ಡಿಸೆಂಬರಿನಲ್ಲಿ ಕ್ಯಾಮೆರಾ ಕೊಂಡು ಜುಲೈನಲ್ಲಿ ಸಂಬಳ ನಿಲ್ಲಿಸುವುದು ಹೀಗೆ ಎತ್ತಿಡದಿದ್ದಾಗಲೇ. ಮೂರು ತಿಂಗಳಿಗೊಮ್ಮೆ ಬಂದದ್ದು, ಖರ್ಚಾದದ್ದು, ಉಳಿದದ್ದು, ಚಂದಾದಾರರ ಸಂಖ್ಯೆ, ಕಳಚಿದವರ ಸಂಖ್ಯೆ ಇಷ್ಟನ್ನೂ ಒಂದು ಪುಟದಲ್ಲಿ ಪ್ರಕಟಿಸಿ. ಸಂಖ್ಯೆ ಇಳಿದ ತ್ರೈಮಾಸಿಕದಲ್ಲೂ ಪ್ರಕಟಿಸಿ.

ನಿಲ್ಲಿಸಬೇಕಾಗಿ ಬಂದರೆ ಅದಕ್ಕೂ ಕ್ರಮವಿದೆ. ಮೊದಲು ಗೇಟ್‌ವೇಯಲ್ಲಿ ಎಲ್ಲ ಆಟೋಪೇ ರದ್ದು ಮಾಡಿ, ಪ್ರಕಟಣೆ ಆಮೇಲೆ. ಪತ್ರಿಕೆ ನಿಂತ ಮೇಲೂ ಒಂದು ಕಡಿತ ಹೋದರೆ ಹಿಂದಿನ ಎಲ್ಲ ಒಳ್ಳೆಯ ಹೆಸರನ್ನು ಅದೊಂದೇ ತಿಂದುಹಾಕುತ್ತದೆ. ವರ್ಷದ ಚಂದಾದಲ್ಲಿ ಉಳಿದ ತಿಂಗಳಿಗೆ ₹83ರಂತೆ ಲೆಕ್ಕ ಹಾಕಿ ವಾಪಸು ಕೊಡಿ. ಹಳೆಯ ಪಾವತಿಗೆ ಗೇಟ್‌ವೇಯಿಂದ ಮರುಪಾವತಿ ಆಗದಿದ್ದರೆ ಓದುಗರ ಯುಪಿಐ ಐಡಿ ಕೇಳಿ ನೇರ ಕಳಿಸಿ. ತಾಣದ ಡೊಮೈನ್ ಮತ್ತು ಸರ್ವರ್‌ಗೆ ಮುಂದಿನ ಐದು ವರ್ಷದ ಹಣ ಕಟ್ಟಿ, ಚಂದಾದಾರರು ಬರೆಸಿದ ವರದಿಗಳು ಅಷ್ಟು ಕಾಲ ತೆರೆದಿರಲಿ.